ಗೂಸ್ ವ್ಯಾಲಿಯ ಒಂದು ಮತ

ಅಸ್ಟೋರಿಯಾ, ಒರೆಗಾನ್
11 ಮಾರ್ಚ್ 1973

ಪ್ರೀತಿಯ ವೆಂಡೆಲ್,

ಹೇಳದೆ ಹೊರಟುಬಂದೆ ಎಂದು ನಿನಗೆ ಸಿಟ್ಟು ಬಂದಿರುತ್ತದೆ. ವಾರವಿಡೀ ಪೇಟೆಯಲ್ಲಿದ್ದು ಹೈಸ್ಕೂಲು ಓದುವವನು ನೀನು. ಶನಿವಾರ ಮನೆಗೆ ಬಂದಾಗ ನನ್ನ ಮಂಚ ಖಾಲಿ ಕಂಡಿರಬೇಕು. ಫೋನ್ ಮಾಡೋಣವೆಂದರೆ ನಮ್ಮ ಕಡೆ ಎಂಟು ಮನೆಗೆ ಒಂದೇ ತಂತಿ. ನಾನು ಹಲೋ ಅನ್ನುವುದರೊಳಗೆ ಬೂಲಾ ಚಿಕ್ಕಮ್ಮ ಅವರ ಮನೆಯಲ್ಲಿ ಎತ್ತಿಕೊಂಡು ಉಸಿರು ಬಿಗಿಹಿಡಿದಿರುತ್ತಾಳೆ. ಅದಕ್ಕೇ ಕಾಗದ.

ನಡೆದದ್ದನ್ನು ನಿನಗೆ ಯಾರೂ ನೆಟ್ಟಗೆ ಹೇಳಿರಲಿಕ್ಕಿಲ್ಲ. ಅಕ್ಟೋಬರಿನಲ್ಲಿ ಕರುಗಳಿಗೆ ಹಾಲು ಬಿಡಿಸಿದ ದಿನ ನೆರೆಯವರೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಪಕ್ಕದ ಜಮೀನಿನ ಮರ್ಲ್ ಯುದ್ಧದ ಮಾತು ತೆಗೆದ. "ಇನ್ನೊಂದ್ ನಾಕು ವರ್ಷ ಈ ರಿಪಬ್ಲಿಕನ್ನರನ್ನೇ ಬಿಟ್ರೆ ಮುಗಿಸ್ಕೊಂಡೇ ಬರ್ತಾರೆ ನೋಡಿ," ಅಂದ. ನಾನು ಆಲೂಗಡ್ಡೆ ಬಡಿಸುತ್ತಿದ್ದೆ. ಏನಾಯಿತೋ, "ನಮ್ ಡೇಲ್ ಯಾತಕ್ಕೆ ಸತ್ತ ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ? ಗೊತ್ತಿಲ್ದಿದ್ರೆ ಈ ಸಲ ಯಾರಿಗೆ ಹಾಕ್ತೀವಿ ಅಂತನಾದ್ರೂ ಯೋಚ್ನೆ ಮಾಡಿ," ಎಂದುಬಿಟ್ಟೆ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು! ಯುದ್ಧದಲ್ಲಿ ಅಣ್ಣ ಸತ್ತ ಸುದ್ದಿ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಿರಲಿಲ್ಲ. ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದ.

ನವೆಂಬರಿನಲ್ಲಿ ಶಾಲೆಯಲ್ಲಿ ಅಧ್ಯಕ್ಷರ ಚುನಾವಣೆಯ ಮತದಾನ, ಅಲ್ಲೇ ಎಣಿಕೆ. ಮೂವತ್ತೊಂಬತ್ತು ಚೀಟಿ. ಮೂವತ್ತೆಂಟು ರಿಪಬ್ಲಿಕನ್, ಒಂದು ಡೆಮೊಕ್ರಾಟ್. ಎಲ್ಲರ ಕಣ್ಣೂ ನನ್ನ ಮೇಲೆ. ಅಪ್ಪ ರಿಪಬ್ಲಿಕನ್ ಪಕ್ಷದ ಮುಖಂಡನಾಗಿ ಮೇಜಿನ ತುದಿಯಲ್ಲಿ ಕೂತಿದ್ದ. "ಒಂದೇನಾ? ಸರಿಯಾಗಿ ನೋಡಿದ್ರಾ?" ಅಂದ. ಎಲ್ಲವನ್ನೂ ಮತ್ತೊಮ್ಮೆ ಎಣಿಸಿದರು. "ಹಾರ್ಲನ್‌ಗೆ ಆ ಒಂದೂ ಇರಬಾರ್ದು," ಎಂದು ಮರ್ಲ್ ಅಪ್ಪನನ್ನು ನೋಡಿ ನಕ್ಕ. ಎರಡನೆಯ ಸಲವೂ ಒಂದೇ ಬಂತು. ಅಪ್ಪ ಟೋಪಿ ಹಾಕಿಕೊಂಡು ಹೊರಗೆ ನಡೆದ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಾನು ಮೂರಡಿ ದೂರದಲ್ಲಿ ನಿಂತಿದ್ದರೂ, "ವರ್ನಾ, ಆ ಹುಡುಗಿಗೆ ಹೇಳು, ಗೇಟು ಹಾಕ್ಲಿ," ಎಂದು ಅಮ್ಮನ ಮೂಲಕ. ನಾಲ್ಕು ತಿಂಗಳು ಹಾಗೇ ಗೇಟು ಹಾಕಿದೆ. ಇನ್ನು ಆಗಲಿಲ್ಲ. ಇಲ್ಲಿ ಒಂದು ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದೆ.

ಆ ಚೀಟಿ ಯಾರದೆಂದು ನಾನು ಹೇಳುವುದಿಲ್ಲ, ನೀನೂ ಕೇಳಬೇಡ. ಒಂದು ಉಪಕಾರ ಮಾಡು. ಅಪ್ಪ ಎಂದಾದರೂ ನನ್ನ ಹೆಸರು ಎತ್ತಿದರೆ, ಬೈಯುವುದಕ್ಕೇ ಆಗಲಿ, ಅಂದೇ ಬರೆ. ಅಂದೇ ಹೊರಡುತ್ತೇನೆ.

ನಿನ್ನ ಅಕ್ಕ
ಆರ್ಡಿತ್

*

ಗೂಸ್ ವ್ಯಾಲಿ, ಸೋರೆಲ್ ಕೌಂಟಿ, ನೆಬ್ರಾಸ್ಕ
27 ಮೇ 1973

ಅಕ್ಕಾ,

ಕರುಗಳಿಗೆ ಮುದ್ರೆ ಹಾಕುವ ಕೆಲಸ ಮೊನ್ನೆ ಮುಗಿಯಿತು. ಅದಕ್ಕೇ ಬರೆಯುವುದು ತಡವಾಯಿತು. ನೆರೆಯವರು ಬರುತ್ತಾರೋ ಇಲ್ಲವೋ ಎಂದು ಅಮ್ಮನಿಗೆ ಅಳುಕಿತ್ತು. ಎಲ್ಲರೂ ಬಂದರು, ಊಟಕ್ಕಂತೂ ಇನ್ನೂ ಹೆಚ್ಚು ಜನ. ಮರ್ಲ್ ನನ್ನ ಬೆನ್ನಿಗೆ ಬಾರಿಸಿ, "ಏನೋ, ನಿಮ್ಮಕ್ಕ ಸಮುದ್ರದ ದಡದಲ್ಲಿ ಕೂತು ಮೀನುಗಳಿಗೆ ಭಾಷಣ ಮಾಡ್ತಿದ್ದಾಳಂತೆ?" ಅಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಾದಿದ್ದ ಕಬ್ಬಿಣವನ್ನೇ ಮತ್ತೆ ಬೆಂಕಿಗಿಟ್ಟ.

ಶಾಲೆಯ ಬೀರುವಿನ ಬಾಗಿಲ ಒಳಗಡೆ ಟೀಚರುಗಳು 1912ರಿಂದ ಅಧ್ಯಕ್ಷರ ಚುನಾವಣೆಯ ಲೆಕ್ಕ ಬರೆದುಕೊಂಡು ಬಂದಿದ್ದಾರಲ್ಲ, ಮೊನ್ನೆ ಅಪ್ಪನ ಜೊತೆ ಹೋದಾಗ ನೋಡಿದೆ. ನಮ್ಮವರು ಡೆಮೊಕ್ರಾಟರನ್ನು ಗೆಲ್ಲಿಸಿದ್ದು ಒಂದೇ ಸಲ, 1932ರಲ್ಲಿ, ಮೂವತ್ತೊಂದಕ್ಕೆ ಇಪ್ಪತ್ತೊಂಬತ್ತು. ಈಗ ಕೇಳಿದರೆ ಎಲ್ಲರ ತಾತಂದಿರೂ ಆ ಸೋತ ಇಪ್ಪತ್ತೊಂಬತ್ತರಲ್ಲೇ ಇದ್ದವರು. ಅಷ್ಟು ಜನ ಆ ಕಡೆ ಇದ್ದಿದ್ದರೆ ಸೋಲುತ್ತಿದ್ದದ್ದು ಹೇಗೋ!

1972ರ ಸಾಲಿನಲ್ಲಿ ಆ ಒಂದರ ಪಕ್ಕ ಯಾರೋ ಪೆನ್ಸಿಲಿನಲ್ಲಿ ಲಂಗ ಹಾಕಿದ ಹುಡುಗಿಯ ಚಿತ್ರ ಬರೆದಿದ್ದರು. ಅಪ್ಪ ಅಂಗಿಯ ತೋಳಿನಿಂದ ಅದನ್ನು ತಿಕ್ಕಿ ತಿಕ್ಕಿ ಅಳಿಸಿದ. ಚಿತ್ರದಲ್ಲೂ ನಿನ್ನನ್ನು ನೋಡಲಾರ ಅನ್ನಿಸುತ್ತದೆ. ನಿನಗೆ ಬೇಸರವಾಗಲೆಂದು ಹೇಳುತ್ತಿಲ್ಲ, ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ವೆಂಡೆಲ್

*

ಗೂಸ್ ವ್ಯಾಲಿ
4 ನವೆಂಬರ್ 1976

ಅಕ್ಕಾ,

ನಿನ್ನದು ತಲುಪಿತು! ಮೂವತ್ತಾರಕ್ಕೆ ಒಂದು.

ಮೊದಲು ನಮಗೆ ಅರ್ಥವಾಗಲಿಲ್ಲ. ಆಮೇಲೆ ಬೂಲಾ ಚಿಕ್ಕಮ್ಮನೇ ಬಿಡಿಸಿ ಹೇಳಿದಳು: "ಅಂಚೇಲಿ ಕಳ್ಸಿದ್ದಾಳೆ ಕಣ್ರೀ. ಊರು ಬಿಟ್ಟವರ ಹೆಸ್ರು ಪಟ್ಟೀಲಿ ಹಂಗೇ ಇರುತ್ತಲ್ಲ." ಅಂಚೆಯಲ್ಲಿ ಬಂದ ಲಕೋಟೆಗಳನ್ನು ಕೌಂಟಿ ಕಚೇರಿಯಲ್ಲೇ ಒಡೆದು ಚೀಟಿಗಳನ್ನಷ್ಟೇ ನಮ್ಮ ಪೆಟ್ಟಿಗೆಗೆ ಸೇರಿಸುತ್ತಾರೆ. ಕಾಲೇಜಿಗೆ ಹೋದವರು, ಸೈನ್ಯದಲ್ಲಿರುವವರು, ಎಲ್ಲರದೂ ಹಾಗೇ ಬರುವುದು. "ಅಷ್ಟ್ ದೂರದಿಂದ್ಲೂ ಬಂದು ನಮ್ಮನ್ನ ಚಿವುಟ್ತಾಳೆ," ಅಂದ ಮರ್ಲ್. ಆದರೆ ಈ ಸಲ ಅವನ ದನಿಯಲ್ಲಿ ಸ್ವಲ್ಪ ಅಭಿಮಾನವೂ ಇತ್ತು.

ಅಮ್ಮ ಮನೆಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದಳು. ಕೋಟು ಬಿಚ್ಚುವ ಮೊದಲೇ, "ಬಂತಾ?" ಎಂದು ಕೇಳಿದಳು. ಬಂತು ಅಂದೆ. ಅಂದು ಆ್ಯಪಲ್ ಪೈ ಮಾಡಿದಳು. ಡೇಲ್ ಹೋದ ಮೇಲೆ ಅದನ್ನು ಮಾಡಿದ್ದು ನಾನು ನೋಡಿದ್ದು ಇದೇ ಮೊದಲು. ಅಪ್ಪ ಎರಡು ತುಂಡು ತಿಂದು, ಗಾಳಿಯಂತ್ರಕ್ಕೆ ಎಣ್ಣೆ ಹಾಕಲು ಹೋದ.

ನಿನ್ನ ಹೆಸರು ಎತ್ತಲಿಲ್ಲ.

ವೆಂಡೆಲ್

*

ಅಸ್ಟೋರಿಯಾ
2 ಡಿಸೆಂಬರ್ 1976

ಪ್ರೀತಿಯ ವೆಂಡೆಲ್,

ತಲುಪಿತಲ್ಲ, ಒಳ್ಳೆಯದಾಯಿತು.

ಅಮ್ಮನ ಬಗ್ಗೆ ಇನ್ನಷ್ಟು ಬರೆ. ಮತ ಹಾಕುವಾಗ ಒಬ್ಬಳೇ ಹೋದಳಾ, ಅಪ್ಪನ ಜೊತೆ ಹೋದಳಾ? ಪರದೆಯ ಹಿಂದೆ ಹೆಚ್ಚು ಹೊತ್ತು ನಿಂತಳಾ? ಸುಮ್ಮನೆ ಕೇಳುತ್ತಿದ್ದೇನೆ. ಅವಳಿಗೆ ನೋವಾಗುವ ಮಾತು ಯಾರೂ ಆಡದಂತೆ ನೋಡಿಕೋ. ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ ಹೆಂಗಸು ನಮ್ಮಮ್ಮ.

ಇಲ್ಲಿ ಮೂರು ವಾರದಿಂದ ಬಿಸಿಲಿಲ್ಲ. ಇಲ್ಲಿನವರು ಅದನ್ನು ಗಮನಿಸುವುದೂ ಇಲ್ಲ. ನನಗೆ ನಮ್ಮ ಮರಳುಗುಡ್ಡಗಳ ಮೇಲಿನ ಅಷ್ಟು ದೊಡ್ಡ ಆಕಾಶ ಬೇಕೆನಿಸುತ್ತದೆ.

ಆರ್ಡಿತ್

*

ಗೂಸ್ ವ್ಯಾಲಿ
9 ನವೆಂಬರ್ 1980

ಅಕ್ಕಾ,

ಮೂವತ್ತೈದು, ಒಂದು. ಈ ಸಲ ಎಣಿಕೆಯ ಮೇಜಿನಲ್ಲಿ ನನ್ನನ್ನೂ ಕೂರಿಸಿದ್ದರು. ಬೇರೆ ವಿಶೇಷವಿಲ್ಲ.

ಉತ್ತರದ ಗಾಳಿಯಂತ್ರದ ಬಾಲ ಮುರಿದಿದೆ. ದನಗಳೆಲ್ಲ ಚೆನ್ನಾಗಿವೆ. ಅಮ್ಮನಿಗೆ ಎಡಗಿವಿ ಸ್ವಲ್ಪ ಮಂದವಾಗಿದೆ.

ವೆಂಡೆಲ್

*

ಅಸ್ಟೋರಿಯಾ
18 ನವೆಂಬರ್ 1980

ಪ್ರೀತಿಯ ವೆಂಡೆಲ್,

ಇಷ್ಟು ಚಿಕ್ಕ ಕಾಗದ ಬರೆಯುವಂಥದ್ದು ಏನಾಯಿತು? ಮೇಜಿನಲ್ಲಿ ಕೂತವರು ಬಾಯಿ ಬಿಡಬಾರದು ಎಂದು ಪ್ರಮಾಣ ಮಾಡಿಸುತ್ತಾರೆ, ಗೊತ್ತು. ಅಷ್ಟೇ ತಾನೇ?

ನನಗೆ ಮೂವತ್ತು ತುಂಬಿತು. ಈ ಕ್ರಿಸ್‌ಮಸ್‌ಗೆ ಬರೋಣ ಅನ್ನಿಸುತ್ತಿದೆ. ಅಪ್ಪ ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. "ಆ ಹುಡುಗಿಗೆ ಹೇಳು" ಎಂದರೂ ಸಾಕು. ಏಳು ವರ್ಷದಲ್ಲಿ ಅದನ್ನೂ ಕೇಳಿಲ್ಲ. ನೀನು ದಿನಾ ಅವನ ಪಕ್ಕದಲ್ಲಿ ಇರುವವನು, ಅವನ ಮನಸ್ಸು ನಿನಗೆ ಗೊತ್ತಾಗುತ್ತದೆ. ಬರಲೇ? ನೀನು ಬಾ ಎಂದರೆ ಬಸ್ಸಿನ ಟಿಕೆಟ್ ತೆಗೆಯುತ್ತೇನೆ.

ಆರ್ಡಿತ್

*

ಗೂಸ್ ವ್ಯಾಲಿ
1 ಡಿಸೆಂಬರ್ 1980

ಅಕ್ಕಾ,

ಈ ವರ್ಷ ಬೇಡ. ಅಪ್ಪ ಇನ್ನೂ ಹಾಗೇ ಇದ್ದಾನೆ. ಮುಂದೆ ನೋಡೋಣ.

ವೆಂಡೆಲ್

*

ಗೂಸ್ ವ್ಯಾಲಿ
6 ಮಾರ್ಚ್ 1988

ಅಕ್ಕಾ,

ಫೋನಿನಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ನೀನು ಕೇಳಿದ್ದು ಒಂದೇ ಮಾತು, ಕೊನೆಗೆ ಅಪ್ಪ ನನ್ನ ಹೆಸರು ಎತ್ತಿದನಾ ಎಂದು. ಇಲ್ಲ ಎಂದೆ. ಎತ್ತಲು ಹೊತ್ತೇ ಇರಲಿಲ್ಲ. ದನಗಳಿಗೆ ಹುಲ್ಲು ಹಾಕಲು ಹೋದವನು ಟ್ರ್ಯಾಕ್ಟರಿನ ಪಕ್ಕದಲ್ಲೇ ಬಿದ್ದಿದ್ದ. ಎಂಜಿನ್ ಇನ್ನೂ ಓಡುತ್ತಿತ್ತು.

ಗುಡ್ಡದ ಮೇಲೆ, ಡೇಲ್‌ನ ಪಕ್ಕ ಮಣ್ಣು ಮಾಡಿದೆವು. ಇಡೀ ಕಣಿವೆ ಬಂದಿತ್ತು. ಅಮ್ಮ ಅಳಲಿಲ್ಲ. "ಮಗನ ಹೆಸ್ರು ಹೇಳದವನು, ಮಗಳನ್ನ ಓಡ್ಸಿದವನು. ನಾನ್ ಯಾತಕ್ಕೆ ಅಳ್ಲಿ?" ಎಂದು ಬೂಲಾ ಚಿಕ್ಕಮ್ಮನಿಗೆ ಹೇಳಿದಳಂತೆ. ಕಿವಿ ಕೇಳಿಸದವಳಲ್ಲವೇ, ಗಟ್ಟಿಯಾಗಿಯೇ ಹೇಳಿದ್ದಾಳೆ. ಎಲ್ಲರಿಗೂ ಕೇಳಿಸಿತು.

ನೀನು ಬರಲಿಲ್ಲ. ಬರಬೇಕಿತ್ತು ಎಂದು ನಾನು ಹೇಳಲಾರೆ.

ವೆಂಡೆಲ್

*

ಗೂಸ್ ವ್ಯಾಲಿ
11 ನವೆಂಬರ್ 1988

ಅಕ್ಕಾ,

ಹುಷಾರಾಗಿದ್ದೀಯಾ? ಇದು ಅಮ್ಮನ ಪ್ರಶ್ನೆ. ಮಂಗಳವಾರದಿಂದ ಇದನ್ನೇ ಕೇಳುತ್ತಿದ್ದಾಳೆ. ಇಪ್ಪತ್ತೊಂಬತ್ತಕ್ಕೆ ಸೊನ್ನೆ ಬಂತು. "ಬಂತಾ?" ಎಂದು ಎಂದಿನಂತೆ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. "ಹಂಗಾದ್ರೆ ಅವಳಿಗೇನೋ ಆಗಿದೆ. ಎಂಬತ್ನಾಕರಲ್ಲೂ ತಪ್ಸಿರ್ಲಿಲ್ಲ. ತನ್ನಣ್ಣನಿಗೋಸ್ಕರ ಹಾಕೋದನ್ನ ಅವಳು ಸುಮ್ನೆ ಬಿಡೋಳಲ್ಲ," ಎಂದು ಊಟ ಬಿಟ್ಟು ಕೂತಿದ್ದಾಳೆ.

ಆರೋಗ್ಯವಾಗಿದ್ದೇನೆ, ಮರೆತೆ, ಎಂದು ಎರಡು ಸಾಲು ಬರೆದುಬಿಡು. ಅವಳಿಗೆ ತೋರಿಸುತ್ತೇನೆ.

ವೆಂಡೆಲ್

*

ಅಸ್ಟೋರಿಯಾ
20 ನವೆಂಬರ್ 1988

ವೆಂಡೆಲ್,

ನಾನು ಆರೋಗ್ಯವಾಗಿದ್ದೇನೆ.

ಆದರೆ ನಾನು ಮರೆಯಲಿಲ್ಲ. ಕಳಿಸಿಯೇ ಇಲ್ಲ. 1974ರಲ್ಲೇ ನನ್ನ ಹೆಸರನ್ನು ಇಲ್ಲಿನ ಪಟ್ಟಿಗೆ ಸೇರಿಸಿಕೊಂಡೆ. ಗೂಸ್ ವ್ಯಾಲಿಗೆ ಅಂಚೆಯಲ್ಲಿ ಒಂದು ಚೀಟಿಯನ್ನೂ ನಾನು ಯಾವತ್ತೂ ಹಾಕಿಲ್ಲ. ನೀನು "ನಿನ್ನದು ತಲುಪಿತು" ಎಂದು ಬರೆದಾಗ ಸುಮ್ಮನಿದ್ದೆ, ಏಕೆಂದರೆ ಅದು ಅಮ್ಮನದು ಎಂದುಕೊಂಡಿದ್ದೆ. ಮೊದಲಿನದೂ ಅವಳದೇ ಎಂದುಕೊಂಡಿದ್ದೆ.

ಈ ಸಲ ಅಮ್ಮ ಮತ ಹಾಕಿದಳಾ? ಹಾಕಿದ್ದರೆ, ಸೊನ್ನೆ ಹೇಗೆ ಬಂತು?

ಎಂಬತ್ತರಲ್ಲಿ, ಎಂಬತ್ತನಾಲ್ಕರಲ್ಲಿ ಮೇಜಿನಲ್ಲಿ ಕೂತವನು ನೀನು. ನಿನ್ನ ಆ ಮೂರು ಸಾಲಿನ ಕಾಗದ ಇನ್ನೂ ನನ್ನ ಹತ್ತಿರ ಇದೆ. ಈಗಲಾದರೂ ಹೇಳು.

ಆರ್ಡಿತ್

*

ಗೂಸ್ ವ್ಯಾಲಿ
3 ಡಿಸೆಂಬರ್ 1988

ಅಕ್ಕಾ,

ಅಮ್ಮ ಹಾಕಿದಳು. ಈ ವರ್ಷ ಶಾಲೆಗೆ ಬರದವನು ಅಪ್ಪ ಒಬ್ಬನೇ.

ಎಂಬತ್ತರಲ್ಲಿ ಚೀಟಿ ಬಿಡಿಸಿ ಓದುವ ಕೆಲಸ ನನಗೆ ಕೊಟ್ಟಿದ್ದರು. ಅರ್ಧ ಮುಗಿದಿರಬೇಕು, ಆ ಚೀಟಿ ಕೈಗೆ ಬಂತು. ದನಕ್ಕೆ ಬೀಸಿದ ಹಗ್ಗ ಕುದುರೆಯ ಜೀನಿಗೆ ಸುತ್ತುವಾಗ ಅಪ್ಪನ ಬಲಗೈ ಹೆಬ್ಬೆರಳು ಹೋದದ್ದು ನಿನಗೆ ನೆನಪಿದೆ. ಆಮೇಲೆ ಅವನು ಎರಡು ಬೆರಳ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿ, ಕಾಗದ ಹರಿಯುವಂತೆ ಒತ್ತಿ ಗೆರೆ ಎಳೆಯುತ್ತಿದ್ದ. ಕತ್ತರಿ ಗುರುತು ಹಾಕಿದರೆ ಅದರ ಅಡ್ಡಗೆರೆ ಕೆಳಗೆ ಜಾರುತ್ತಿತ್ತು. ಕರು ಸತ್ತ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವನು ಹಾಕುತ್ತಿದ್ದ ಗುರುತು ನೋಡುತ್ತಲೇ ಬೆಳೆದವನು ನಾನು. ಅದೇ ಗುರುತು. ಡೆಮೊಕ್ರಾಟರ ಮುಂದೆ.

ತಲೆ ಎತ್ತಿದೆ. ಅಪ್ಪ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದ. "ಡೆಮೊಕ್ರಾಟ್, ಒಂದು," ಎಂದು ಓದಿ ಕೆಳಗಿಟ್ಟೆ. ಮನೆಗೆ ಬರುವಾಗ ಪಿಕಪ್‌ನಲ್ಲಿ ಅವನು, "ಹಿಮ ಬೀಳೋ ಹಂಗಿದೆ," ಅಂದ. ನಾನು ಹೂಂ ಅಂದೆ. ಅಷ್ಟೇ ನಾವು ಅದರ ಬಗ್ಗೆ ಆಡಿದ ಮಾತು.

ಅದಾಗಿ ಎರಡು ವಾರಕ್ಕೆ ನೀನು ಬರಲೇ ಎಂದು ಕೇಳಿದೆ. ಬಾ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಪ್ರಮಾಣ ಮಾಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಡೇಲ್ ಹೋಗಿದ್ದ, ನೀನು ಹೋಗಿದ್ದೆ, ಅಪ್ಪ ಮಾತಾಡುತ್ತಿದ್ದದ್ದು ನನ್ನೊಬ್ಬನ ಜೊತೆ. ಬೇಲಿಯ ಬಗ್ಗೆ, ಹಿಮದ ಬಗ್ಗೆಯೇ ಆದರೂ ಮಾತಾಡುತ್ತಿದ್ದ. ನೀನು ಬಂದರೆ ಅದೂ ನಿನ್ನ ಪಾಲಾಗುತ್ತದೆ ಅನ್ನಿಸಿತು. ಇಪ್ಪತ್ನಾಲ್ಕು ವರ್ಷದ ಗಂಡಸು ಹಾಗೆ ಯೋಚಿಸಿದೆ.

ಎಂಬತ್ತನಾಲ್ಕರಲ್ಲಿ ನಾನೂ ಡೆಮೊಕ್ರಾಟರಿಗೆ ಹಾಕೋಣ, ಎರಡು ಕಂಡರೆ ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡು ಪರದೆಯ ಹಿಂದೆ ಹೋದೆ. ಎರಡಾದರೆ ಎರಡನೆಯದು ಯಾರದೆಂದು ಎಲ್ಲರೂ ನನ್ನ ಮುಖ ನೋಡುತ್ತಾರೆ ಎಂದು ಹೆದರಿದೆ. ಹಾಕಲಿಲ್ಲ.

ನೀನು ಮಾಡದ ತಪ್ಪಿಗೆ ಹದಿನಾರು ವರ್ಷ ಹೊರಗಿದ್ದೆ. ಅದರಲ್ಲಿ ಎಂಟು ನಾನು ಕೊಟ್ಟದ್ದು. ಏನು ಬೇಕಾದರೂ ಬೈಯಿ.

ವೆಂಡೆಲ್

*

ಅಸ್ಟೋರಿಯಾ
14 ಡಿಸೆಂಬರ್ 1988

ವೆಂಡೆಲ್,

ಬೈಯಲು ಕೂತೆ. ಎರಡು ಹಾಳೆ ಬರೆದು ಹರಿದುಹಾಕಿದೆ. ನನ್ನದನ್ನು ಹೇಳದೆ ನಿನ್ನನ್ನು ಬೈಯುವಂತಿಲ್ಲ.

ಎಪ್ಪತ್ತೆರಡರ ಆ ಮೂವತ್ತೆಂಟು ರಿಪಬ್ಲಿಕನ್ ಮತಗಳಲ್ಲಿ ನನ್ನದೂ ಒಂದು.

ಪರದೆ ಎಂದರೆ ಹಳೆಯ ಹಾಸಿಗೆ ಬಟ್ಟೆ, ಕೆಳಗೆ ನನ್ನ ಬೂಟು ಎಲ್ಲರಿಗೂ ಕಾಣುತ್ತಿತ್ತು. ಆಚೆ ಬೂಲಾ ಚಿಕ್ಕಮ್ಮ ಕೆಮ್ಮಿದಳು. ಊಟದ ಹೊತ್ತಿನಲ್ಲಿ ಅಷ್ಟೆಲ್ಲ ಮಾತಾಡಿದವಳಿಗೆ ಆ ಒಂದು ಕೆಮ್ಮು ಸಾಕಾಯಿತು. ಎಲ್ಲರೂ ಹಾಕುವ ಕಡೆಗೇ ಗುರುತು ಹಾಕಿ ಮಡಚಿ ಹೊರಬಂದೆ. ಎಣಿಕೆಯಲ್ಲಿ ಆ ಒಂದು ಬಂದಾಗ ಅಮ್ಮನದು ಎಂದು ತಿಳಿದೆ. ನನ್ನದಲ್ಲ ಎಂದರೆ ಅಮ್ಮ ಸಿಕ್ಕಿಬೀಳುತ್ತಾಳೆ ಎಂದು ಸುಮ್ಮನಿದ್ದೆ. ಅದೂ ನಿಜ. ನನ್ನದಲ್ಲ ಎಂದರೆ ನಾನು ಹೇಡಿ ಎಂದು ಗೊತ್ತಾಗುತ್ತದೆ ಎಂಬುದು ಅದಕ್ಕಿಂತ ನಿಜ. ಆಮೇಲೆ ಊರೆಲ್ಲ ನನ್ನದು ಎಂದಿತು, ನೀನೂ ಎಂದೆ. ಕೇಳಿಸಿಕೊಳ್ಳಲು ಹಿತವಾಗಿತ್ತು. ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಈಗ ನೀನು ಅಪ್ಪನ ಕುರ್ಚಿಯಲ್ಲಿ ಕೂತು ನೋಡು. ತನ್ನದು ಒಂದು ಇದೆ ಎಂದು ಅವನಿಗೆ ಗೊತ್ತು. ಮಗಳು ಊರೆಲ್ಲರೆದುರು ಅವಳಣ್ಣನ ಹೆಸರು ಹಿಡಿದು ಕೇಳಿದ್ದಾಳೆ, ಅವಳದು ಇನ್ನೊಂದು. ಎರಡಿರಬೇಕು. ಬಂದದ್ದು ಒಂದು. ಮತ್ತೆ ಎಣಿಸಿ ಅಂದದ್ದು ಅದಕ್ಕೆ, ವೆಂಡೆಲ್. ಅವನು ಹುಡುಕುತ್ತಿದ್ದದ್ದು ನನ್ನ ಚೀಟಿಯನ್ನು. ನಾನು ಹಾಕಲಿಲ್ಲವೆಂದು ಅಂದು ಆ ಶಾಲೆಯಲ್ಲಿ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅಪ್ಪ. ನಾಲ್ಕು ತಿಂಗಳು ಒಂದೇ ಮೇಜಿನಲ್ಲಿ ಉಂಡೆವು. ನಾನಾಗಿ ಹೇಳಲಿ ಎಂದು ಕಾದನೋ, ನನ್ನ ಮುಖ ನೋಡಲಾಗಲಿಲ್ಲವೋ, ಇನ್ನು ಯಾರನ್ನು ಕೇಳುವುದು?

ನಾನು ಮಾಡದ ತಪ್ಪಿಗೆ ಹೊರಗಿರಲಿಲ್ಲ. ಆ ಸಾಲನ್ನು ನೀನು ಹೊಡೆದುಹಾಕಬಹುದು.

ನಿನ್ನ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ, ಎರಡನ್ನೂ ಅಮ್ಮನಿಗೆ ಓದಿ ಹೇಳು. ನನ್ನ ಭಾಗವನ್ನು ಬಿಡಬೇಡ. ಡೇಲ್‌ನನ್ನು ಮರೆತ ಗಂಡನ ಜೊತೆ ಬಾಳಿದೆ ಎಂದು ಅವಳು ನಂಬಿದ್ದಾಳೆ. ಅದು ಸುಳ್ಳೆಂದು ಅವಳಿಗೆ ತಿಳಿಯಲೇಬೇಕು, ನನ್ನ ಮೇಲಿನ ನಂಬಿಕೆ ಹೋದರೂ ಸರಿ. ಆಮೇಲೆ, ನಾನು ಬರಲೇ ಎಂದು ಕೇಳು. ಏನು ಹೇಳಿದರೂ ಈ ಸಲ ಅವಳ ಮಾತಿನಲ್ಲೇ ಬರೆ.

ಆರ್ಡಿತ್

*

ಗೂಸ್ ವ್ಯಾಲಿ
8 ಜನವರಿ 1989

ಅಕ್ಕಾ,

ಓದಿದೆ. ಅವಳ ಕಿವಿಗೆ ಬೀಳಬೇಕೆಂದರೆ ಕೂಗಬೇಕು. ನಾವು ಇಷ್ಟು ವರ್ಷ ಪಿಸುಗುಟ್ಟಲೂ ಹೆದರಿದ ಮಾತುಗಳನ್ನು ಅಡುಗೆಮನೆಯಲ್ಲಿ ನಿಂತು ಕೂಗಿ ಕೂಗಿ ಓದಿದೆ. ನನ್ನ ಭಾಗವನ್ನೂ ಬಿಡಲಿಲ್ಲ. ಮುಗಿದ ಮೇಲೆ, "ಇನ್ನೊಂದ್ಸಲ," ಅಂದಳು. ಮತ್ತೆ ಓದಿದೆ.

ಆಮೇಲೆ, "ನಾನೂ ರಿಪಬ್ಲಿಕನ್ನರಿಗೇ ಹಾಕ್ತಿದ್ದೆ ಕಣೋ. ಪಕ್ಷದ ಮುಖಂಡನ ಹೆಂಡ್ತಿ ಅಲ್ವಾ, ಅವನಿಗೆ ಅವಮಾನ ಆಗ್ಬಾರ್ದು ಅಂತ," ಅಂದಳು.

ಮತ್ತೆ, "ಯುದ್ಧ ಎಪ್ಪತ್ತೈದರಲ್ಲೇ ಮುಗೀತಲ್ಲ. ಆಮೇಲೂ ಯಾಕೆ ಹಾಕ್ತಿದ್ದ?" ಎಂದು ಕೇಳಿದಳು.

ನಾನು ಕಾಗದಗಳನ್ನು ಮಡಚಿ ಮೇಜಿನ ಮೇಲಿಟ್ಟೆ.

"ನಾನು ಕೇಳ್ತಿದ್ನಲ್ಲ," ಅಂದಳು. "ಪ್ರತಿ ಸಲ ಬಾಗ್ಲಲ್ಲಿ ನಿಂತು, ಬಂತಾ ಅಂತ ನಿನ್ನ ಕೇಳ್ತಿದ್ನಲ್ಲ. ಅವನೂ ನಿನ್ನ ಹಿಂದೇನೇ ನಿಂತಿರ್ತಿದ್ದ."

ಆಗ ಅತ್ತಳು, ಅಕ್ಕಾ. ಶವಸಂಸ್ಕಾರದ ದಿನ ಅಳದವಳು. ನಾನು ಪಕ್ಕದಲ್ಲಿ ಕೂತಿದ್ದೆ.

ನಿನ್ನ ಬಗ್ಗೆ ಕೇಳಿದೆ. ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: "ಬರ್ಲಿ. ಅವಳ ಮೇಲೆ ನಂಗೆ ಸಿಟ್ಟಿಲ್ಲ, ಅವಳೂ ನನ್ ಥರಾನೇ ಹೆದ್ರಿದ್ಲು. ಆದ್ರೆ ಈಗ್ಲೇ ಬೇಡ. ಕರು ಹಾಕೋ ಕಾಲ ಕಳೀಲಿ, ಏಪ್ರಿಲಲ್ಲಿ ಬರ್ಲಿ. ಅಲ್ಲೀವರ್ಗೂ ನಂಗೆ ಹಾರ್ಲನ್ ಜೊತೆ ಮಾತಾಡೋದಿದೆ."

ಈಗ ದಿನವೂ ಮಧ್ಯಾಹ್ನ ಪಿಕಪ್‌ನಲ್ಲಿ ಅವಳನ್ನು ಗುಡ್ಡದ ಮೇಲೆ ಅಪ್ಪನ ಸಮಾಧಿಯ ಹತ್ತಿರ ಕರೆದೊಯ್ಯುತ್ತೇನೆ. ಹಿಮದಲ್ಲಿ ಇಳಿಯಲು ಬಿಡುವುದಿಲ್ಲ. ಗಾಜು ಇಳಿಸಿಕೊಂಡು, ಹೀಟರ್ ಹಾಕಿಕೊಂಡು ಸೀಟಿನಲ್ಲೇ ಕೂತು ಮಾತಾಡುತ್ತಾಳೆ. ಅವಳ ದನಿ ದೊಡ್ಡದು, ಕಣಿವೆಯವರೆಗೆ ಕೇಳಿಸುತ್ತದೆ. ಅದಕ್ಕೇ ನಾನು ಬೇಲಿ ನೋಡುವ ನೆಪದಲ್ಲಿ ಗಾಳಿಗೆ ಎದುರಾಗಿ ದೂರ ನಡೆದುಹೋಗುತ್ತೇನೆ. ಮಾತು ಕೇಳಿಸದಷ್ಟು ದೂರ ಹೋಗಿ, ಮುಗಿಯುವವರೆಗೆ ಅಲ್ಲೇ ನಿಲ್ಲುತ್ತೇನೆ.

ನಿನ್ನ ತಮ್ಮ
ವೆಂಡೆಲ್